ಇಳಿದ ತೂಕ, ಏರಿದ ತೂಕ



ನಮ್ಮ ಬಾಗಲಕೋಟೆ ಸೀಮೆಯಲ್ಲಿ ಎದುರಾದವರನ್ನು ಮಾತನಾಡಿಸುವುದೇ ಅವರ ಮೈಯ ಬಗೆಗೆ. "ಯಾಕ್ರಿ, ಭಾಳ ಸೊರಗೀರಿ?", ಇಲ್ಲವೆ "ಏನವ್ವಾ, ದಪ್ಪ ಆಗೀಯಲ್ಲ!" ಕುಶಲಪ್ರಶ್ನೆ ಎಂದು ನಾವು ಭಾವಿಸಿರುವ ಈ ಮಾತು ಎಷ್ಟು ನೋಯಿಸಬಲ್ಲದೆಂಬ ಅರಿವು ನನಗಾದದ್ದು ಈಚೆಗೆ.

ಎರಡು ವರ್ಷಗಳ ಹಿಂದೆ ಹುನಗುಂದದ ಮದುವೆಯೊಂದರಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಭೇಟಿಯಾದಳು. ಮೂರೇ ತಿಂಗಳಲ್ಲಿ 14 ಕಿಲೋ ಇಳಿಸಿದ್ದಳು. ಎಲ್ಲರೆದುರು ಬಾಯಿತುಂಬ ಹೊಗಳಿದೆ. ಮರುವರ್ಷ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ದೂರದಿಂದ ಕಂಡವಳು ನನ್ನನ್ನು ನೋಡಿಯೂ ಜನಜಂಗುಳಿಯಲ್ಲಿ ಮರೆಯಾದಳು. ಇಳಿಸಿದ್ದೆಲ್ಲ ಮರಳಿತ್ತು, ಹೀಗಾದದ್ದು ಮೂರನೆಯ ಸಲವಂತೆ. "ನಿಮ್ಮ ಮುಂದ ಬರಾಕ ನಾಚಿಕೆ ಆತ್ರಿ ಸರ್" ಎಂದು ಆಮೇಲೆ ಫೋನಿನಲ್ಲಿ ಹೇಳಿದಳು. ನಾಚಬೇಕಾದವನು ನಾನು.

ತೂಕ ಮರಳುವುದು ಮನೋದೌರ್ಬಲ್ಯದಿಂದಲ್ಲ. ಊಟ ಒಮ್ಮೆಲೇ ಕಡಿಮೆಯಾದರೆ ದೇಹ ಬರಗಾಲ ಬಂತೆಂದೇ ತಿಳಿಯುತ್ತದೆ; ಹಗೇವಿನ ಜೋಳವನ್ನು ಹಿಡಿಹಿಡಿದು ಬಳಸುವ ಮನೆಯೊಡತಿಯಂತೆ ಶಕ್ತಿಯ ಖರ್ಚನ್ನು ತಗ್ಗಿಸಿ, ಹಸಿವನ್ನು ಹೆಚ್ಚಿಸುತ್ತದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 36 ಸ್ವಯಂಸೇವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ಮತ್ತೆ ಹೊಟ್ಟೆತುಂಬ ಉಂಡಾಗ ಕೊಬ್ಬು ಬೇಗ ಬಂತು, ಸ್ನಾಯು ನಿಧಾನವಾಗಿ. ತೂಕ ಇಳಿಸುವ ಟಿವಿ ಸ್ಪರ್ಧೆಯ 14 ಜನರನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ 2016ರ ಅಧ್ಯಯನದಲ್ಲಿ, ಅವರ ದೇಹ ವಿಶ್ರಾಂತಿಯಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿದ್ದುದು ಕಂಡುಬಂತು.

ಅವಸರದ ಇಳಿಕೆಯಲ್ಲಿ ಪಿತ್ತಕೋಶದಲ್ಲಿ ಕಲ್ಲುಗಳಾಗುವ ಸಂಭವ ಹೆಚ್ಚು. ಒಂಬತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳನ್ನು ಕುರಿತ 2017ರ ಅಧ್ಯಯನದಲ್ಲಿ, ತೂಕ ಹೆಚ್ಚು ಏರಿಳಿದವರಲ್ಲಿ ಹೃದಯಾಘಾತ, ಮರಣಗಳೂ ಹೆಚ್ಚಾಗಿದ್ದವು. ಏರಿಳಿತವೇ ಕಾರಣವೆಂದು ಇದರಿಂದ ಸಿದ್ಧವಾಗದು; ಎಚ್ಚರಿಕೆಗೆ ಮಾತ್ರ ಸಾಕು.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳನ್ನು ನೀವೆಲ್ಲ ಬಲ್ಲಿರಿ. 1975ರಲ್ಲಿ ಜೋಳಿಗೆ ಹಿಡಿದು ಹೊರಟ ಅವರು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಕುಡಿತವನ್ನು ಆ ಜೋಳಿಗೆಗೆ ಹಾಕಿ ಒಮ್ಮೆಗೇ ಕೈತೊಳೆದುಕೊಳ್ಳಬಹುದು. ರೊಟ್ಟಿಯನ್ನು ಹಾಕಲಾದೀತೆ? ನಾಳೆ ಮತ್ತೆ ಉಣ್ಣಲೇಬೇಕು. ಆದ್ದರಿಂದ ತೂಕದ ವಿಷಯದಲ್ಲಿ ಮೂರು ತಿಂಗಳ ಶಪಥ ಕೆಲಸಕ್ಕೆ ಬಾರದು.

ತೂಕ ಇಳಿಸಲೇಬೇಡಿ ಎಂಬುದು ನನ್ನ ಮಾತಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು ಇದ್ದವರಿಗೆ ನಾಲ್ಕೈದು ಕಿಲೋ ಇಳಿದರೂ ಉಪಕಾರವಾದೀತು. ಆದರೆ ವೈದ್ಯರನ್ನು ಕೇಳಿ, ನಿಧಾನವಾಗಿ ಇಳಿಸಿರಿ. ನಡಿಗೆಯ ಜೊತೆಗೆ ಸ್ನಾಯುಗಳಿಗೂ ವ್ಯಾಯಾಮವಿರಲಿ. ಹತ್ತು ವರ್ಷ ನಡೆಸಲಾಗದ ಪಥ್ಯವನ್ನು ಹತ್ತು ದಿನವೂ ಹಿಡಿಯಬೇಡಿರಿ.

ಇನ್ನು ಉಳಿದ ನಮ್ಮಂಥವರ ಕರ್ತವ್ಯ ಸುಲಭ: ತೂಕ ಇಳಿದವರನ್ನು ಹೊಗಳುವುದೂ ಬೇಡ, ಏರಿದವರನ್ನು ಹಂಗಿಸುವುದೂ ಬೇಡ. ಇಳಿದಾಗ ಹೊಗಳಿದ ಬಾಯಿಯೇ ಏರಿದಾಗ ಅವರಿಗೆ ಅಂಜಿಕೆಯಾಗುತ್ತದೆ. ಮುಂದಿನ ಬನಶಂಕರಿ ಜಾತ್ರೆಯಲ್ಲಿ ಆ ಹುಡುಗಿ ಸಿಕ್ಕರೆ ನಾನು ಕೇಳುವುದು ಇಷ್ಟೇ: "ಆರಾಮ ಇದ್ದೀಯೇನವ್ವಾ?"