ಅರ್ಧ ಅಲ್ಲಿ, ಅರ್ಧ ಇಲ್ಲಿ

ವೈದ್ಯರಾಗಬೇಕೆಂಬ ಹಂಬಲ ಮಕ್ಕಳ ಮನಸ್ಸಿನಲ್ಲಿ ಮೂಡುವುದಕ್ಕೆ ಒಂದು ದಿನ ಸಾಕು. ಆ ಹಂಬಲವನ್ನು ಅರ್ಜಿಯ ಹಾಳೆಯ ಮೇಲೆ ಸರಿಯಾದ ಕ್ರಮದಲ್ಲಿ ಬರೆದಿಡುವುದಕ್ಕೆ ಮಾತ್ರ ಇಡೀ ಮನೆಯ ವಿವೇಕ ಬೇಕು. ಈ ಮಾತು ನನಗೆ ಹೊಳೆದದ್ದು ಮೊನ್ನೆ ರಾತ್ರಿ, ದೇವರಾಜ ಮೊಹಲ್ಲಾದ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ಕುಳಿತಿದ್ದಾಗ.

ಚಿಕ್ಕಗಡಿಯಾರದ ಕಡೆಯಿಂದ ಮಾರುಕಟ್ಟೆಯ ಗದ್ದಲ ಅಡಗುತ್ತ ಬಂದಿತ್ತು. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ ನನ್ನ ಮೊಮ್ಮಗಳು ಪಿ.ಯು. ಕಾಲೇಜಿನ ಅರ್ಜಿಯೊಂದನ್ನು ತಂದಿಟ್ಟು ಎರಡು ದಿನಗಳಾಗಿದ್ದವು. ಅದರ ಮೇಲೆ ಆಗಲೇ ಕಾಫಿಯ ಲೋಟದ ಉಂಗುರ ಬಿದ್ದಿತ್ತು. ಅವಳ ತಂದೆ, “ಕಂಪ್ಯೂಟರ್ ವಿಜ್ಞಾನ ಇರುವ ವಿಭಾಗವೇ ಒಳ್ಳೆಯದು, ಕೆಲಸ ಬೇಗ ಸಿಗುತ್ತದೆ,” ಎಂದರು. ಅವಳ ತಾಯಿ, “ಅವಳಿಗೆ ಡಾಕ್ಟರಾಗುವ ಆಸೆ, ಗಣಿತವನ್ನೇ ಬಿಟ್ಟುಬಿಡಲಿ, ಹೊರೆ ಕಡಿಮೆಯಾಗುತ್ತದೆ,” ಎಂದರು. ಹುಡುಗಿ ಮಾತ್ರ ಬಾಯಿ ಬಿಡದೆ ಲೇಖನಿಯ ಮುಚ್ಚಳವನ್ನು ತಿರುಗಿಸುತ್ತ ಕುಳಿತಿದ್ದಳು.

ಗೋಡೆಯ ಬದಿಯ ಕುರ್ಚಿಯಲ್ಲಿ ನನ್ನ ಅಕ್ಕ ಇದ್ದಳು. ಎಂಬತ್ತು ದಾಟಿದ ಜೀವ. ಕಿವಿ ಮಂದವಾದರೂ ಕೇಳಬೇಕಾದ ಮಾತು ತಪ್ಪದೆ ಕೇಳಿಸುತ್ತದೆ. “ನನ್ನ ಅರ್ಜಿಯನ್ನೂ ಹೀಗೆಯೇ ಬೇರೆಯವರು ತುಂಬಿದ್ದರು,” ಎಂದಳು.

ಆ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಅಕ್ಕ ಎಸ್.ಎಸ್.ಎಲ್.ಸಿ. ತೇರ್ಗಡೆಯಾದದ್ದು 1959ರಲ್ಲಿ. ಚೆಲುವಾಂಬ ಆಸ್ಪತ್ರೆಯಲ್ಲಿ ನಮ್ಮ ತಾಯಿಯ ಹೆರಿಗೆಯನ್ನು ನೋಡಿಕೊಂಡಿದ್ದ ಮಹಿಳಾ ವೈದ್ಯರೊಬ್ಬರನ್ನು ಕಂಡಂದಿನಿಂದ ಅವಳಿಗೆ ಅದೊಂದೇ ಕನಸು. ಆ ಕನಸಿಗೆ ದೂರವೇನೂ ಇರಲಿಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜು ನಮ್ಮ ಮನೆಯಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿತ್ತು. ಆದರೆ ಊರಿನಿಂದ ಬಂದಿದ್ದ ಸೋದರಮಾವ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುವ ಅರ್ಧ ಗಂಟೆಯಲ್ಲಿ ಅವಳ ಅರ್ಜಿಯನ್ನು ತುಂಬಿ ಮುಗಿಸಿದರು. ಇತಿಹಾಸ, ಅರ್ಥಶಾಸ್ತ್ರ, ತರ್ಕಶಾಸ್ತ್ರ. “ಹೆಣ್ಣುಮಕ್ಕಳಿಗೆ ಇದೇ ಹಗುರ,” ಎಂಬುದು ಅವರ ಅಭಿಪ್ರಾಯ. ಅವರು ಕೆಟ್ಟವರಲ್ಲ, ಅವಸರದವರು. ಆಗ ವೈದ್ಯಕೀಯಕ್ಕೆ ಹೋಗುವವರು ವಿಜ್ಞಾನದಲ್ಲಿ ಒಂದು ವರ್ಷದ ಪಿ.ಯು.ಸಿ. ಮುಗಿಸಿ ಮೇಲಿನ ಮೆಟ್ಟಿಲೇರಬೇಕಾಗಿತ್ತು. ಕಲಾ ವಿಭಾಗದಿಂದ ಆ ಮೆಟ್ಟಿಲಿಗೆ ದಾರಿಯೇ ಇರಲಿಲ್ಲ. ಅಕ್ಕ ಒಳ್ಳೆಯ ಶಿಕ್ಷಕಿಯಾದಳು, ಸುಖವಾಗಿ ಬಾಳಿದಳು. ಆದರೂ ಕೃಷ್ಣರಾಜೇಂದ್ರ ಆಸ್ಪತ್ರೆಯ ಮುಂದೆ ಹಾದುಹೋಗುವಾಗ ಇಂದಿಗೂ ಒಂದು ನಿಮಿಷ ಮಾತು ನಿಲ್ಲಿಸುತ್ತಾಳೆ.

ಇಷ್ಟರಲ್ಲಿ ಕ್ಯಾಲಿಫೋರ್ನಿಯದಿಂದ ದೂರವಾಣಿ ಕರೆ ಬಂದಿತು. ಕರೆದವಳು ಅಕ್ಕನ ಮೊಮ್ಮಗಳು. ಅವಳಿಗೂ ವೈದ್ಯಳಾಗುವ ಹಂಬಲವೇ. ಆದರೆ ಅಂದು ಅವಳ ಧ್ವನಿ ಕುಗ್ಗಿತ್ತು. “ಒಂದು ವರ್ಷ ಹೋಯಿತು, ಅಜ್ಜಿ,” ಎಂದಳು. ನಪಾಸಾದಳೋ ಎಂದು ನಾವೆಲ್ಲ ಗಾಬರಿಯಾದೆವು. ನಪಾಸಾಗಿರಲಿಲ್ಲ. ಎಲ್ಲ ವಿಷಯಗಳಲ್ಲಿ ಚೆನ್ನಾಗಿಯೇ ತೇರ್ಗಡೆಯಾಗಿದ್ದಳು. ಓದಿದ ಕ್ರಮ ಮಾತ್ರ ತಪ್ಪಿತ್ತು.

ಅಲ್ಲಿಯ ಪದ್ಧತಿಯನ್ನು ವಾಚಕರಿಗೆ ಸ್ವಲ್ಪ ವಿವರಿಸಬೇಕು. ನಮ್ಮಲ್ಲಿ ಪಿ.ಯು.ಸಿ. ಮುಗಿಸಿದವರು ನೇರವಾಗಿ ವೈದ್ಯಕೀಯ ಕಾಲೇಜಿಗೆ ಸೇರುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷಗಳ ಪದವಿ, ಆಮೇಲೆ ನಾಲ್ಕು ವರ್ಷಗಳ ವೈದ್ಯಕೀಯ ಶಿಕ್ಷಣ. ಪದವಿಯಲ್ಲಿ ಯಾವ ವಿಷಯವನ್ನು ಮುಖ್ಯವಾಗಿ ಓದಿದರೂ ಅಡ್ಡಿಯಿಲ್ಲ. ಸಂಗೀತವನ್ನು ಓದಿದವರೂ ವೈದ್ಯರಾಗಬಹುದು. ಆದರೆ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ ಇವುಗಳನ್ನು ಪ್ರಯೋಗಶಾಲೆಯ ಸಹಿತ ಒಂದೊಂದು ವರ್ಷ ಓದಿರಬೇಕೆಂದು ಹೆಚ್ಚಿನ ವೈದ್ಯಕೀಯ ಶಾಲೆಗಳು ಬಯಸುತ್ತವೆ. ಜೀವರಸಾಯನಶಾಸ್ತ್ರವನ್ನೂ ಅನೇಕ ಶಾಲೆಗಳು ಕೇಳುತ್ತವೆ. ಇದರ ಮೇಲೆ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ. 2015ರಿಂದ ಅದರಲ್ಲಿ ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳಿಗೂ ಸ್ಥಾನವಿದೆ.

ಖರ್ಚು ಉಳಿಸಲೆಂದು ಅಲ್ಲಿಯ ಮಧ್ಯಮ ವರ್ಗದ ಎಷ್ಟೋ ಕುಟುಂಬಗಳು ಮಕ್ಕಳನ್ನು ಮೊದಲ ಎರಡು ವರ್ಷ ಮನೆಯ ಹತ್ತಿರದ ಸಮುದಾಯ ಕಾಲೇಜಿಗೆ ಕಳುಹಿಸಿ, ಉಳಿದ ಎರಡು ವರ್ಷಕ್ಕೆ ವಿಶ್ವವಿದ್ಯಾನಿಲಯಕ್ಕೆ ವರ್ಗಾಯಿಸುತ್ತವೆ. ಇದರಲ್ಲಿ ಕೀಳೆಂಬುದೇನೂ ಇಲ್ಲ. ನಮ್ಮ ಹುಡುಗಿ ಮಾಡಿದ್ದೂ ಅದನ್ನೇ. ತಪ್ಪಿದ್ದು ಎಲ್ಲಿ ಎಂದರೆ, ಸಾವಯವ ರಸಾಯನಶಾಸ್ತ್ರದ ಮೊದಲರ್ಧವನ್ನು ಸಮುದಾಯ ಕಾಲೇಜಿನಲ್ಲಿ ಓದಿ, ಉಳಿದರ್ಧವನ್ನು ವಿಶ್ವವಿದ್ಯಾನಿಲಯದಲ್ಲಿ ಓದೋಣವೆಂದು ಬಿಟ್ಟಿದ್ದಳು. ಮೊದಲನೆಯದರಲ್ಲಿ ವರ್ಷಕ್ಕೆ ಎರಡು ಅವಧಿ, ಎರಡನೆಯದರಲ್ಲಿ ಮೂರು. ಒಂದೇ ಸೀರೆಯನ್ನು ಒಬ್ಬರು ಎರಡಾಗಿ ಮಡಿಸಿದರೆ ಇನ್ನೊಬ್ಬರು ಮೂರಾಗಿ ಮಡಿಸಿದಂತೆ. ಅವಳ ಅರ್ಧ ಆ ಮೂರರಲ್ಲಿ ಯಾವುದಕ್ಕೂ ಸರಿಯಾಗಿ ಕೂಡಲಿಲ್ಲ. ಮೊದಲಿನಿಂದ ಓದೆಂದರು. ಸಾವಯವ ರಸಾಯನಶಾಸ್ತ್ರ ಮುಗಿಯದೆ ಜೀವರಸಾಯನಶಾಸ್ತ್ರಕ್ಕೆ ಪ್ರವೇಶವಿಲ್ಲ; ಅದು ಮುಗಿಯದೆ ಎಂಕ್ಯಾಟಿಗೆ ಕುಳಿತು ಪ್ರಯೋಜನವಿಲ್ಲ. ವೈದ್ಯಕೀಯ ಶಾಲೆಗಳಿಗೆ ಅರ್ಜಿಯನ್ನು ಸೇರುವುದಕ್ಕೆ ಸುಮಾರು ಒಂದು ವರ್ಷ ಮುಂಚಿತವಾಗಿಯೇ ಹಾಕಬೇಕು. ಸರಪಳಿಯ ಒಂದು ಕೊಂಡಿ ಜಾರಿತು, ಒಂದು ವರ್ಷ ಜಾರಿತು.

“ನಿನಗೆ ಯಾರೂ ಹೇಳಲಿಲ್ಲವೇ ಮಗು?” ಎಂದು ಅಕ್ಕ ಕೇಳಿದಳು.

“ನಾನು ಯಾರನ್ನೂ ಕೇಳಲಿಲ್ಲ, ಅಜ್ಜಿ. ಯಾವ ಪಾಠಕ್ಕೆ ಯಾವುದು ಸಮ ಎಂಬ ಪಟ್ಟಿ ಎಲ್ಲರಿಗೂ ತೆರೆದೇ ಇತ್ತು,” ಎಂದಳು ಅವಳು. ಪ್ರಾಮಾಣಿಕ ಉತ್ತರ. ಕ್ಯಾಲಿಫೋರ್ನಿಯದ ಸಾರ್ವಜನಿಕ ವಿಶ್ವವಿದ್ಯಾನಿಲಯಗಳ ಮಟ್ಟಿಗೆ ಅಂಥ ಪಟ್ಟಿಯನ್ನು ಅಲ್ಲಿ ಅಧಿಕೃತವಾಗಿಯೇ ಪ್ರಕಟಿಸುತ್ತಾರೆ. ಅನುಭವಸ್ಥರ ಮಾತು ಸರಳ. ಜೋಡಿಯಾಗಿ ಬರುವ ಪಾಠವನ್ನು ಆರಂಭಿಸಿದ ಕಡೆಯೇ ಮುಗಿಸಬೇಕು. ಇಲ್ಲವೇ ಹೊಸ ಕಡೆಯಲ್ಲೇ ಆರಂಭಿಸಬೇಕು. ಸಮುದಾಯ ಕಾಲೇಜಿನಲ್ಲಿ ಸಾಮಾನ್ಯ ರಸಾಯನಶಾಸ್ತ್ರ, ಮೊದಲ ಹಂತದ ಜೀವಶಾಸ್ತ್ರ, ಬೇಕಾದ ಗಣಿತ ಇವುಗಳನ್ನು ಪೂರ್ತಿಗೊಳಿಸಿ, ಮೇಲಿನ ಹಂತದ ಕೆಲವು ವಿಜ್ಞಾನ ಪಾಠಗಳನ್ನು ವಿಶ್ವವಿದ್ಯಾನಿಲಯದಲ್ಲಿ ಓದಿ ತೋರಿಸುವುದು ಒಳ್ಳೆಯದು; ಕೆಲವು ವೈದ್ಯಕೀಯ ಶಾಲೆಗಳು ಅದನ್ನು ಗಮನಿಸುತ್ತವೆ. ಇನ್ನೊಂದು ಮಾತು. ವರ್ಗಾವಣೆಯಾದೊಡನೆ ಹಳೆಯ ಅಂಕಗಳು ಮರೆಯಾಗುವುದಿಲ್ಲ. ಸಮುದಾಯ ಕಾಲೇಜಿನ ಪ್ರತಿಯೊಂದು ಪಾಠದ ಶ್ರೇಣಿಯೂ, ಎರಡನೆಯ ಸಲ ಓದಿದ್ದರೆ ಎರಡೂ, ವೈದ್ಯಕೀಯದ ಅರ್ಜಿಯಲ್ಲಿ ಕಾಣಿಸಿಕೊಳ್ಳುತ್ತವೆ. ಇಲ್ಲಿಂದ ವಿದ್ಯಾರ್ಥಿಯಾಗಿ ಅಲ್ಲಿಗೆ ಹೋಗಿ ವೈದ್ಯರಾಗಬೇಕೆನ್ನುವವರು ಮತ್ತೊಂದನ್ನೂ ತಿಳಿದಿರಬೇಕು: ಆ ದೇಶದ ಪೌರತ್ವವಾಗಲಿ ಕಾಯಂ ನಿವಾಸದ ಹಕ್ಕಾಗಲಿ ಇಲ್ಲದವರನ್ನು ಅಲ್ಲಿಯ ಅನೇಕ ವೈದ್ಯಕೀಯ ಶಾಲೆಗಳು ಸೇರಿಸಿಕೊಳ್ಳುವುದೇ ಇಲ್ಲ.

ದೂರವಾಣಿಯನ್ನು ಇಟ್ಟಮೇಲೆ ಮನೆಯಲ್ಲಿ ಮೌನ. ನನ್ನ ಮೊಮ್ಮಗಳು ಲೋಟವನ್ನು ಸರಿಸಿ ಅರ್ಜಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ನಾನು ಬಿಳಿಯ ಹಾಳೆಯೊಂದನ್ನು ತೆಗೆದುಕೊಟ್ಟು, “ಮೇಲಿನಿಂದ ಬರೆಯಬೇಡ, ಕೆಳಗಿನಿಂದ ಬರೆ,” ಎಂದೆ. ಎಂದರೆ, ಸೇರಬೇಕಾದ ಊರನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಒಂದೊಂದೇ ನಿಲ್ದಾಣವನ್ನು ಗುರುತಿಸುವುದು.

ಕೆಳಗಿನ ಸಾಲಿನಲ್ಲಿ ಅವಳು ಎಂ.ಬಿ.ಬಿ.ಎಸ್. ಎಂದು ಬರೆದಳು. ಅದಕ್ಕೆ ಹಿಂದಿನದು ನೀಟ್ ಪರೀಕ್ಷೆ. ನಮ್ಮ ರಾಜ್ಯದಲ್ಲಿ 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಸೀಟು ಹಂಚುತ್ತಿದ್ದ ಕಾಲ ಹೋಗಿ, 2017ರಿಂದ ವೈದ್ಯಕೀಯಕ್ಕೆ ನೀಟ್ ಒಂದೇ ಬಾಗಿಲು. 2025ರ ಪರೀಕ್ಷೆಯಲ್ಲಿ ಮೂರು ಗಂಟೆಗೆ 180 ಪ್ರಶ್ನೆ, 720 ಅಂಕ. ಭೌತಶಾಸ್ತ್ರಕ್ಕೆ 45 ಪ್ರಶ್ನೆ, ರಸಾಯನಶಾಸ್ತ್ರಕ್ಕೆ 45, ಜೀವಶಾಸ್ತ್ರಕ್ಕೆ 90. ಸರಿಯುತ್ತರಕ್ಕೆ ನಾಲ್ಕು ಅಂಕ ಸೇರಿದರೆ ತಪ್ಪಿಗೆ ಒಂದು ಅಂಕ ಹೋಗುತ್ತದೆ. ಕನ್ನಡದಲ್ಲಿಯೂ ಬರೆಯಲು ಅವಕಾಶವಿತ್ತು. ಅಂಕಗಳ ಅರ್ಧ ಭಾಗವೇ ಜೀವಶಾಸ್ತ್ರದ್ದಾದಮೇಲೆ, ಜೀವಶಾಸ್ತ್ರವಿಲ್ಲದ ವಿಭಾಗವನ್ನು ಆರಿಸಿಕೊಂಡು ವೈದ್ಯಕೀಯದ ಕನಸು ಕಾಣುವುದು ಹೇಗೆ? ಅಂಥವರು ಪಿ.ಯು.ಸಿ. ಮುಗಿದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಮುಗಿಸಿಯೂ ಅರ್ಹರಾಗಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ನವೆಂಬರಿನಲ್ಲಿ ಪ್ರಕಟಿಸಿದ್ದು ನಿಜ. ಆದರೆ ಅದು ದಾರಿ ತಪ್ಪಿದವರಿಗೆ ತೆರೆದ ಕಿರುಬಾಗಿಲು. ಹೆಬ್ಬಾಗಿಲು ಎದುರಿಗೇ ಇರುವಾಗ ಅದನ್ನು ನೆಚ್ಚಿ ಹೊರಡುವುದು ಜಾಣತನವಲ್ಲ.

ನೀಟಿಗೆ ಹಿಂದಿನದು ದ್ವಿತೀಯ ಪಿ.ಯು.ಸಿ.; ಅದಕ್ಕೆ ಹಿಂದಿನದು ಪ್ರಥಮ ಪಿ.ಯು.ಸಿ. ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. ದ್ವಿತೀಯ ವರ್ಷದ ಪರೀಕ್ಷೆಯ ಅಂಕಗಳು ಮಾತ್ರ ಮುಂದೆ ಲೆಕ್ಕಕ್ಕೆ ಬರುತ್ತವೆಂದು ಮೊದಲನೆಯ ವರ್ಷವನ್ನು ವಿಶ್ರಾಂತಿಯ ವರ್ಷವೆಂದು ಭಾವಿಸುತ್ತಾರೆ. ನೀಟಿನ ಪಠ್ಯದಲ್ಲಿ ಎರಡೂ ವರ್ಷದ ಪಾಠಗಳಿವೆ. ಮೊದಲ ವರ್ಷದಲ್ಲಿ ಚಲನೆಯ ನಿಯಮಗಳನ್ನೂ ರಾಸಾಯನಿಕ ಬಂಧವನ್ನೂ ಅರ್ಧಂಬರ್ಧ ಓದಿ, ಎರಡನೆಯ ವರ್ಷದಲ್ಲಿ ದೇವರಾಜ ಅರಸು ರಸ್ತೆಯ ಫಲಕಗಳನ್ನು ನೋಡಿ ತರಬೇತಿಗೆ ಓಡುವವರನ್ನು ಕಂಡಿದ್ದೇನೆ. ಕ್ಯಾಲಿಫೋರ್ನಿಯದ ಹುಡುಗಿ ಮಾಡಿದ ತಪ್ಪು ಇದಕ್ಕಿಂತ ಬೇರೆಯೇನಲ್ಲ. ಅವಳು ಎರಡು ಸಂಸ್ಥೆಗಳ ನಡುವೆ ಪಾಠವನ್ನು ಹರಿದಳು. ಇವರು ಎರಡು ವರ್ಷಗಳ ನಡುವೆ ಹರಿಯುತ್ತಾರೆ.

ಪಿ.ಯು.ಸಿ.ಯ ಅಂಕಗಳನ್ನೂ ಹಗುರವಾಗಿ ಕಾಣಬಾರದು. ಭೌತ, ರಸಾಯನ, ಜೀವಶಾಸ್ತ್ರ ಮೂರನ್ನೂ ಕೂಡಿಸಿ ಸಾಮಾನ್ಯ ವರ್ಗದವರು ಶೇಕಡ 50, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳವರು ಶೇಕಡ 40 ಅಂಕ ಪಡೆದಿರಬೇಕು. ಇಂಗ್ಲಿಷಿನಲ್ಲಿಯೂ ತೇರ್ಗಡೆಯಾಗಿರಬೇಕು.

ಹಾಗಾದರೆ ಗಣಿತ? ಇಲ್ಲಿ ನನ್ನ ಸೊಸೆಯ ಮಾತಿಗೂ ಬೆಲೆಯಿದೆ. ನೀಟಿಗೆ ಗಣಿತದ ಪ್ರಶ್ನೆಪತ್ರಿಕೆಯಿಲ್ಲ. ಆದರೆ ಭೌತಶಾಸ್ತ್ರದ ಲೆಕ್ಕಗಳನ್ನು ಬಿಡಿಸುವ ಕೈಗೆ ಗಣಿತದ ಅಭ್ಯಾಸ ಬೇಕು. ಅಲ್ಲದೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕೂ ಇರುವ ವಿಭಾಗವು ಹದಿನಾರು ವರ್ಷದ ಮಗುವಿಗೆ ಮನಸ್ಸು ಬದಲಾಯಿಸುವ ಸ್ವಾತಂತ್ರ್ಯವನ್ನು ಉಳಿಸಿಕೊಡುತ್ತದೆ. ಗಣಿತವೆಂದರೆ ನಿದ್ರೆ ಕೆಡುವ ಮಕ್ಕಳನ್ನು ಬಲವಂತಪಡಿಸಬೇಕಾಗಿಲ್ಲ. ಆದರೆ ಹೊರೆ ಕಡಿಮೆಯಾಗಲೆಂಬ ಒಂದೇ ಕಾರಣಕ್ಕೆ ಬಿಡುವ ಮೊದಲು ಮುಚ್ಚುವ ಬಾಗಿಲುಗಳನ್ನು ಎಣಿಸಿ ನೋಡುವುದು ಒಳ್ಳೆಯದು.

ಅವಳು ಹಾಳೆಯನ್ನು ಮಡಿಸಲು ಹೋದಾಗ, ಬದಿಯಲ್ಲಿ ಇನ್ನೊಂದು ದಾರಿಯನ್ನೂ ಬರೆಯೆಂದೆ. ನೀಟ್ ಬರೆಯುವ ಲಕ್ಷಾಂತರ ಮಕ್ಕಳಲ್ಲಿ ಸೀಟು ಸಿಗುವವರು ಕೆಲವರೇ. ಸಿಗದವರೆಲ್ಲ ದಡ್ಡರಲ್ಲ. ನಮ್ಮ ಊರಿನಲ್ಲಿಯೇ 1908ರಲ್ಲಿ ಆರಂಭವಾದ ಆಯುರ್ವೇದ ಕಾಲೇಜಿದೆ. ಅದಕ್ಕೂ ನೀಟ್ ಅಂಕವೇ ಆಧಾರ. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮಾತು ಬಾರದ ಮಗುವಿಗೆ ಮಾತು ಕಲಿಸುವ ವಿದ್ಯೆ ವೈದ್ಯಕ್ಕಿಂತ ಕಡಿಮೆಯದೇ? ಶುಶ್ರೂಷೆ, ಔಷಧಶಾಸ್ತ್ರ, ಪಶುವೈದ್ಯ, ಕೃಷಿ ಇವೆ. ಯುವರಾಜ ಕಾಲೇಜಿನಂಥ ವಿದ್ಯಾಸಂಸ್ಥೆಯಲ್ಲಿ ವಿಜ್ಞಾನ ಪದವಿ ಓದುತ್ತಲೇ ಮತ್ತೊಮ್ಮೆ ನೀಟ್ ಬರೆಯಬಹುದು. ಮೇಲಿನ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆ. ವಯೋಮಿತಿಯಿಲ್ಲವೆಂದು ಮಕ್ಕಳನ್ನು ಮೂರು ನಾಲ್ಕು ವರ್ಷ ಕೋಣೆಯಲ್ಲಿ ಕೂರಿಸಿ ಬರೆಯಿಸುವ ತಂದೆತಾಯಿಗಳೂ ಉಂಟು. ಎರಡನೆಯ ದಾರಿಯನ್ನು ಮೊದಲೇ ಬರೆದಿಡದ ಮನೆಗಳಲ್ಲಿಯೇ ಈ ಸಂಕಟ ಹೆಚ್ಚು. ಸೋತಮೇಲೆ ಬರೆದರೆ ಅದು ಶಿಕ್ಷೆಯಂತೆ ಕಾಣುತ್ತದೆ. ಹೊರಡುವ ಮೊದಲೇ ಬರೆದಿದ್ದರೆ ಅದೂ ಒಂದು ಆಯ್ಕೆ.

ರಾತ್ರಿ ಹತ್ತೂವರೆಯಾಗಿತ್ತು. ಹುಡುಗಿ ಅರ್ಜಿಯನ್ನು ತುಂಬಿದಳು. ನಾಲ್ಕು ವಿಷಯಗಳನ್ನು ತನ್ನ ಕೈಯಾರೆ ಬರೆದು, ತಂದೆಯ ರುಜುವಿಗೆ ಕೊಡುವ ಮೊದಲು ನನ್ನ ಅಕ್ಕನ ಬಳಿಗೆ ಒಯ್ದಳು. ಅಕ್ಕ ಕನ್ನಡಕವನ್ನು ಏರಿಸಿ, ಬೆರಳಿಟ್ಟು ಒಂದೊಂದು ಅಕ್ಷರವನ್ನೂ ಓದಿದಳು. ಜೀವಶಾಸ್ತ್ರ ಎಂಬಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು.

“ಕಪ್ಪೆ ಕೊಯ್ಯಲು ಹೆದರಿಕೆಯಿಲ್ಲವಷ್ಟೆ?” ಎಂದಳು.

“ಈಗ ಕಪ್ಪೆ ಕೊಯ್ಯಿಸುವುದಿಲ್ಲ, ಅಜ್ಜಿ.”

“ಅಯ್ಯೋ, ನನಗೆ ಹೆದರಿಕೆಯೇ ಇರಲಿಲ್ಲ,” ಎಂದು ಅಕ್ಕ ನಕ್ಕಳು.

ಈ ವಾರಗಳಲ್ಲಿ ಅಂಥದೇ ಅರ್ಜಿ ಎಷ್ಟೋ ಮನೆಗಳ ಮೇಜಿನ ಮೇಲಿರಬಹುದು. ವಾಚಕರಲ್ಲಿ ನನ್ನದೊಂದೇ ವಿಜ್ಞಾಪನೆ. ಮಗುವಿನ ಜೊತೆ ಒಂದು ಸಂಜೆ ಕುಳಿತುಕೊಳ್ಳಿ. ಕೊನೆಯ ಮೆಟ್ಟಿಲಿನಿಂದ ಮೊದಲ ಮೆಟ್ಟಿಲಿನವರೆಗೆ ಹಿಂದಕ್ಕೆ ಎಣಿಸಿ. ಆ ವರ್ಷದ ನಿಯಮಗಳನ್ನು ಅಧಿಕೃತ ಪ್ರಕಟಣೆಯಲ್ಲಿಯೇ ಓದಿ. ನೆರೆಮನೆಯವರ ಬಾಯಿಂದ ಕೇಳಿ ತೃಪ್ತರಾಗಬೇಡಿ. ಎಣಿಸುವಾಗ ನಿಮ್ಮ ಅನುಭವವೆಲ್ಲ ಮಗುವಿಗೆ ದೊರೆಯಲಿ. ಬರೆಯುವಾಗ ಲೇಖನಿ ಮಾತ್ರ ಅದರ ಕೈಯಲ್ಲಿಯೇ ಇರಲಿ.