ಗಣಿತದ ಸಂಶೋಧನೆಗೆ ಮುಹೂರ್ತವೇಕೆ?

“ಮೊದಲು ಪಠ್ಯ ಮುಗಿಯಲಿ, ಸಂಶೋಧನೆಯ ಮಾತು ಆಮೇಲೆ.” ನಮ್ಮ ಕಾಲೇಜುಗಳಲ್ಲಿ ಗಣಿತದ ವಿದ್ಯಾರ್ಥಿಗೆ ದೊರೆಯುವ ಉಪದೇಶವಿದು. ಬಿ.ಎಸ್‌ಸಿ.ಯಲ್ಲಿ ಕೇಳಿದರೆ ಎಂ.ಎಸ್‌ಸಿ. ಆಗಲಿ ಎನ್ನುತ್ತಾರೆ, ಎಂ.ಎಸ್‌ಸಿ.ಯಲ್ಲಿ ಕೇಳಿದರೆ ಪಿಎಚ್‌.ಡಿ.ಗೆ ಬಾ ಎನ್ನುತ್ತಾರೆ. ಅಷ್ಟು ಹೊತ್ತಿಗೆ ಹುಡುಗನ ಕುತೂಹಲ ಬತ್ತಿಹೋಗಿರುತ್ತದೆ. ಹಿತವಚನದಂತೆ ಕೇಳಿಸುವ ಈ ಮಾತು ಶುದ್ಧ ಅಹಿತವೆಂಬುದೇ ನನ್ನ ವಾದ.

‘ಸಂಶೋಧನೆ’ ಎಂಬ ಶಬ್ದಕ್ಕೆ ನಾವು ಇಲ್ಲದ ಭಾರ ಹೊರಿಸಿದ್ದೇವೆ. ಉತ್ತರವು ಗೈಡಿನಲ್ಲಿ ಅಚ್ಚಾಗಿರದ ಒಂದು ಪ್ರಶ್ನೆಯನ್ನು ಹಿಡಿದು ಕೂಡುವುದೇ ಅದರ ಓನಾಮ. ದಾಂಡೇಲಿಯ ಮರದ ಡಿಪೋಗಳನ್ನೇ ನೋಡಿ. ದುಂಡು ದಿಮ್ಮಿಯ ಸುತ್ತಳತೆಯ ಕಾಲುಭಾಗವನ್ನು ವರ್ಗಮಾಡಿ, ಉದ್ದದಿಂದ ಗುಣಿಸಿ ಘನ ಅಳತೆ ಹೇಳುವ ಪದ್ಧತಿ ಮರದ ವ್ಯವಹಾರದಲ್ಲಿ ಬಹುಕಾಲದಿಂದ ಬಂದದ್ದು. ದಿಮ್ಮಿ ಕಂಬದಂತೆ ನೇರ ದುಂಡಗಿದ್ದರೆ ಈ ಲೆಕ್ಕ ನಿಜವಾದ ಗಾತ್ರದ ಶೇ. 78.5ರಷ್ಟನ್ನು ಮಾತ್ರ ತೋರಿಸುತ್ತದೆ. ಇಷ್ಟನ್ನು ಹೈಸ್ಕೂಲಿನ ಹುಡುಗನೂ ಸಾಧಿಸಬಲ್ಲ. ಆದರೆ ದಿಮ್ಮಿ ಒಂದು ತುದಿಗೆ ಸಪೂರವಾಗಿದ್ದರೆ? ಅದರ ಮುಖ ದುಂಡಗಿರದೆ ಮೊಟ್ಟೆಯಾಕಾರವಾಗಿದ್ದರೆ? ಸುತ್ತಳತೆಯನ್ನು ಎಲ್ಲಿ ಹಿಡಿದರೆ ತಪ್ಪು ಅತಿ ಕಡಿಮೆ? ಕಲನಶಾಸ್ತ್ರ ಓದಿದ ಪದವಿ ವಿದ್ಯಾರ್ಥಿಯ ಕೈಗೆಟಕುವ ಪ್ರಶ್ನೆಗಳಿವು. ಹಳಿಯಾಳದ, ಜೋಯಿಡಾದ ಹುಡುಗ ಹುಡುಗಿಯರು ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಒಂದು ಅಳತೆಯ ಪಟ್ಟಿ, ಒಂದು ನೋಟುಬುಕ್ಕು ಸಾಕು.

“ತಳಪಾಯ ಗಟ್ಟಿಯಾಗದೆ ಪ್ರಶ್ನೆ ಕೇಳುವುದೆಂತು?” ಎನ್ನುವವರು ಒಮ್ಮೆ ಮುಂಡಗೋಡಕ್ಕೆ ಹೋಗಿಬರಲಿ. 1966ರಲ್ಲಿ ಆರಂಭವಾದ ಅಲ್ಲಿನ ಟಿಬೆಟಿಯನ್ ನೆಲೆಯಲ್ಲಿ ಗಾಂದೆನ್, ದ್ರೆಪುಂಗ್ ಮಠಗಳಿವೆ. ತರ್ಕದ ಮೊದಲ ಪಾಠಗಳಲ್ಲೇ ಎಳೆಯ ಭಿಕ್ಷುಗಳು ಅಂಗಳಕ್ಕಿಳಿದು, ಕೈತಟ್ಟಿ ವಾದಿಸುತ್ತಾರೆ. “ಬಣ್ಣವೆಂಬುದೆಲ್ಲ ಕೆಂಪೇ” ಎಂದು ಒಪ್ಪಿಕೊಂಡವನ ಮುಂದೆ ಬಿಳಿ ಶಂಖದ ಬಣ್ಣವನ್ನಿಟ್ಟು ಅವನನ್ನು ಸಿಕ್ಕಿಸುತ್ತಾರೆ. ಗಣಿತದಲ್ಲಿ ನಾವು ಪ್ರತ್ಯುದಾಹರಣೆ ಎನ್ನುವುದು ಇದನ್ನೇ! ಅದೇ ಜಿಲ್ಲೆಯ ನಮ್ಮ ಗಣಿತದ ವಿದ್ಯಾರ್ಥಿಯೋ, ಮೂರು ವರ್ಷ ಪ್ರಮೇಯಗಳನ್ನು ಬಾಯಿಪಾಠ ಮಾಡಿ, ತಾನಾಗಿ ಒಂದೂ ಪ್ರತ್ಯುದಾಹರಣೆ ಹುಡುಕದೆ ಪದವೀಧರನಾಗುತ್ತಾನೆ. ತಳಪಾಯ ಗಟ್ಟಿಯಾದದ್ದು ಯಾರದು?

ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ದ. ರಾ. ಕಾಪ್ರೇಕರರು 6174 ಎಂಬ ಸಂಖ್ಯೆಯ ಚಮತ್ಕಾರವನ್ನು 1949ರಲ್ಲಿ ಕಂಡುಕೊಂಡರು. ಎಲ್ಲ ಅಂಕೆಗಳೂ ಒಂದೇ ಆಗಿರದ ಯಾವ ನಾಲ್ಕಂಕಿ ಸಂಖ್ಯೆಯನ್ನಾದರೂ ತೆಗೆದುಕೊಳ್ಳಿ. ಅಂಕೆಗಳನ್ನು ಇಳಿಕೆಯಲ್ಲೂ ಏರಿಕೆಯಲ್ಲೂ ಬರೆದು ಕಳೆಯುತ್ತ ಹೋಗಿ. ಏಳು ಹೆಜ್ಜೆಯೊಳಗೆ 6174 ಬಂದೇ ಬರುತ್ತದೆ. ಈ ಹುಡುಕುವ ಚಟ ಅವರಿಗೆ ಮುಪ್ಪಿನಲ್ಲಿ ಹತ್ತಿದ್ದಲ್ಲ. ಪುಣೆಯ ಫರ್ಗ್ಯುಸನ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ, 1927ರಲ್ಲಿ, ಸ್ವತಂತ್ರ ಗಣಿತ ಕಾರ್ಯಕ್ಕಾಗಿ ರ‍್ಯಾಂಗ್ಲರ್ ಪರಾಂಜಪೆ ಬಹುಮಾನ ಪಡೆದಿದ್ದರು. ಅವರಿಗೂ “ಆಮೇಲೆ” ಎಂದಿದ್ದರೆ?

ನಮ್ಮ ರಾಜ್ಯದಲ್ಲಿ ಆದದ್ದೇನು? 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯಲ್ಲಿ ಸಂಶೋಧನೆಯನ್ನು ಕಟ್ಟಕಡೆಯ ವರ್ಷಕ್ಕೆ ತಳ್ಳಿದರು. 2024ರಲ್ಲಿ ಪದವಿ ಮೂರು ವರ್ಷಕ್ಕೆ ಮರಳಿದಾಗ ಆ ಕಡೆಯ ವರ್ಷವೇ ಹೋಯಿತು. ಊಟದ ಕೊನೆಗೆ ಇಟ್ಟ ಪಾಯಸ ಪಂಕ್ತಿಗೆ ಬರುವ ಮೊದಲೇ ಎಲೆ ಎತ್ತಿದಂತಾಯಿತು.

ಅಧ್ಯಾಪಕರಿಗೆ ಬಿಡುವಿಲ್ಲ, ಅತಿಥಿ ಉಪನ್ಯಾಸಕರ ಮೇಲೆ ತರಗತಿ ನಡೆಯುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರಾಗಿ ಕಾಣುವವನಲ್ಲ. ಆದ್ದರಿಂದಲೇ ಈ ಕೆಲಸವನ್ನು ಅವರ ಔದಾರ್ಯಕ್ಕೆ ಬಿಡಬಾರದು. ಕರ್ನಾಟಕ ವಿಶ್ವವಿದ್ಯಾಲಯವು ಪದವಿಯ ಮೊದಲ ವರ್ಷದಿಂದಲೇ ಆಂತರಿಕ ಅಂಕಗಳ ಒಂದು ಪಾಲನ್ನು ವಿದ್ಯಾರ್ಥಿಯೇ ಆರಿಸಿದ ಪ್ರಶ್ನೆಗೆ ಮೀಸಲಿಡಲಿ. ಅದನ್ನು ಸಹಪಾಠಿಗಳೆದುರು ಅವನು ನಿಂತು ಸಮರ್ಥಿಸಲಿ. ಮಾರ್ಗದರ್ಶನದ ಗಂಟೆಗಳು ಅಧ್ಯಾಪಕರ ಕಾರ್ಯಭಾರದಲ್ಲಿ ಲೆಕ್ಕಕ್ಕೆ ಬರಲಿ. ಉತ್ತರ ದೊರೆಯದಿದ್ದರೂ ಅಂಕ ಕೊಡಲಿ. ಹತ್ತರಲ್ಲಿ ಒಂಬತ್ತು ಪ್ರಯತ್ನಗಳು ಸೋಲಬಹುದು. ಹಾಗೆ ಸೋತ ಒಂಬತ್ತು ಮಂದಿಯೂ ಗೈಡು ಓದಿ ಗೆದ್ದವರಿಗಿಂತ ಹೆಚ್ಚು ಗಣಿತ ಬಲ್ಲವರಾಗಿರುತ್ತಾರೆ.