ಮೊದಲು ಪೈಪು, ಆಮೇಲೆ ಬಣ್ಣ

ಹಬ್ಬಕ್ಕೆ ಮನೆಗೆ ಬಣ್ಣ ಹಚ್ಚಿಸುವ ಯೋಚನೆಯಲ್ಲಿದ್ದೀರಾ? ಇಟಗಿಯಲ್ಲಿರಲಿ, ರೋಣ, ಗಜೇಂದ್ರಗಡದಲ್ಲಿರಲಿ, ನಿಮ್ಮ ಮನೆ ಹಳೆಯದಾಗಿದ್ದರೆ ಆ ಹಣದಲ್ಲಿ ಮೊದಲು ನೀರಿನ ಪೈಪು ಬದಲಿಸಿ.

ವರ್ಷಗಟ್ಟಲೆ ನಮ್ಮ ಸೀಮೆಯ ಬಿಸಿಲಿಗೆ ಕಾದ ಪಿವಿಸಿ ಪೈಪು ಪೆಡಸಾಗಿ ಬಿರುಕು ಬಿಡುತ್ತದೆ. ನಳದ ನೀರು ದಿನವಿಡೀ ಬರುವುದಿಲ್ಲ. ನೀರು ನಿಂತಾಗ ಖಾಲಿಯಾಗುವ ಪೈಪು ಹೊರಗಿನದನ್ನು ಒಳಕ್ಕೆ ಎಳೆದುಕೊಳ್ಳಬಹುದು. ಬಿರುಕು ಗಟಾರದಲ್ಲಿದ್ದರೆ ಗಟಾರದ ನೀರೇ ಒಳಸೇರುತ್ತದೆ. ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಹೀಗೆಯೇ ಮನೆ ಹೊಗುತ್ತವೆ.

ಕಣ್ಣಿಗೆ ಕಾಣದ ಇನ್ನೊಂದು ಅಪಾಯ ಸೀಸ. ಪಿವಿಸಿ ತಯಾರಿಸುವಾಗ ಕಾವಿಗೆ ಕೆಡದಿರಲೆಂದು ಸೀಸದ ಸಂಯುಕ್ತ ಬೆರೆಸುವುದು ನಮ್ಮ ದೇಶದಲ್ಲಿ ರೂಢಿಯಲ್ಲಿತ್ತು. ಕೇಂದ್ರ ಸರಕಾರ ಅದಕ್ಕೆ ಕಡಿವಾಣ ಹಾಕುವ ನಿಯಮ ತಂದದ್ದು 2021ರಲ್ಲಿ. ಸೀಸ ಎಷ್ಟೇ ಕಡಿಮೆಯಿದ್ದರೂ ಸುರಕ್ಷಿತವಲ್ಲ, ಮಕ್ಕಳ ಮೆದುಳಿಗೆ ಅದು ಹಾನಿಕರ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀರು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಸೀಸ ಹೋಗುವುದಿಲ್ಲ.

ಒಮ್ಮೆಲೇ ಎಲ್ಲವೂ ಆಗದಿದ್ದರೆ ಗಟಾರ ದಾಟುವ ಪೈಪನ್ನೂ ಅಡುಗೆಮನೆಯ ಪೈಪನ್ನೂ ಮೊದಲು ಬದಲಿಸಿ. ಐಎಸ್‌ಐ ಗುರುತು, ಐಎಸ್ 4985 ಸಂಖ್ಯೆ ನೋಡಿ ಕೊಳ್ಳಿ. ಬಿಸಿನೀರಿಗೆ ಸಿಪಿವಿಸಿ ಇರಲಿ. ಅಗ್ಗವೆಂದು ವೈರಿಂಗ್ ಪೈಪನ್ನು ನೀರಿಗೆ ಹಾಕಿಸಬೇಡಿ. ಅಲ್ಲಿಯವರೆಗೆ ಬೆಳಗಿನ ಮೊದಲ ನೀರನ್ನು ಕುಡಿಯದೆ ಬಕೆಟ್ಟಿಗೆ ಹಿಡಿದು ನೆಲ ಒರೆಸಲು ಬಳಸಿ.

ಮನೆ ಬಾಡಿಗೆಗೆ ಕೊಟ್ಟವರೇ, ಹಳೆಯ ಪೈಪು ಬಾಡಿಗೆದಾರರ ಪಾಡು ಎನ್ನಬೇಡಿ. ಅವರ ಮಕ್ಕಳ ಆರೋಗ್ಯ ನಿಮ್ಮ ಕೈಯಲ್ಲಿರುವ ಅಮಾನತ್ತು. ವುಝೂಗೆ ಶುದ್ಧ ನೀರೇ ಬೇಕೆನ್ನುವ ನಾವು ಕುಡಿಯುವ ನೀರಿನಲ್ಲಿ ರಾಜಿಯಾಗುವುದು ಸರಿಯೇ?